ಬಾಣಂತಿ ಕೋಣೆಯ ಮೂರನೇ ಚಪ್ಪಡಿ

ಬಾಣಂತಿಗೆ ನೋಡುವುದಕ್ಕೆ ಇರುವುದು ಸೂರು ಒಂದೇ. ಓದಿದರೆ ಕಣ್ಣು ಹೋಗುತ್ತದೆ, ಕಿಟಕಿ ತೆಗೆದರೆ ಶೀತವಾಗುತ್ತದೆ, ಹೆಚ್ಚು ಮಾತಾಡಿದರೆ ಇನ್ನೇನೋ ಆಗುತ್ತದೆ. ಆ ಇನ್ನೇನೋ ಏನೆಂದು ಅಮ್ಮ ಕೊನೆಗೂ ಹೇಳಲಿಲ್ಲ. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ, ಕಾಲಿಗೆ ಅಪ್ಪನ ಉಣ್ಣೆಯ ಕಾಲುಚೀಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಶೆಟ್ಟಿಹಳ್ಳಿ ಹತ್ತಿರದ ನನ್ನ ತವರುಮನೆಯಲ್ಲಿ, ಮೈಯೆಲ್ಲ ಬೆವರುತ್ತಿದ್ದ ನನ್ನನ್ನು ಹೀಗೆ ಸುತ್ತಿ ಮಲಗಿಸಿದ್ದರು. ಪಕ್ಕದಲ್ಲಿ ಹದಿನೈದು ದಿನದ ನನ್ನ ಮಗಳು. ಮೇಲೆ ಸುಣ್ಣ ಬಳಿದ ಏಳು ಕಲ್ಲುಚಪ್ಪಡಿಗಳು.

ಆಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಅರ್ಜಿ ಹಾಕಿ ಕಾಯುವಷ್ಟು ತಾಳ್ಮೆ ಅಪ್ಪನಿಗಿರಲಿಲ್ಲ. ಹಾಗಾಗಿ ಅಕ್ಕಪಕ್ಕದ ಎಷ್ಟೋ ಮನೆಗಳಂತೆ ನಮ್ಮದಕ್ಕೂ ಕಲ್ಲಿನ ಸೂರೇ ಆಯಿತು. ಉದ್ದನೆಯ ಚಪ್ಪಡಿಗಳನ್ನು ಗೋಡೆಯಿಂದ ಗೋಡೆಗೆ ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಗಾರೆ ತುಂಬಿದರೆ ಮುಗಿಯಿತು. ಆ ಕೆಲಸದ ಕಂಟ್ರಾಕ್ಟು ಹಿಡಿದವನು ದಾಸರಹಳ್ಳಿ ಕಡೆಯ ಒಬ್ಬ ಮೇಸ್ತ್ರಿ. ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಸುತ್ತಮುತ್ತ ಯಾವ ಬೀದಿಗೆ ಹೋದರೂ ಆತ ಹೊದಿಸಿದ ಸೂರಿನ ಕೆಳಗೆ ಯಾರಾದರೂ ಮಲಗಿರುತ್ತಿದ್ದರು.

ಅಪ್ಪ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಎರಕ ಹೊಯ್ದು ಬಂದ ಕಬ್ಬಿಣದ ಭಾಗಗಳಲ್ಲಿ ಬಿರುಕು ಹುಡುಕಿ ವಾಪಸ್ ಕಳಿಸುವುದು ಅವರ ಉದ್ಯೋಗ. ಆ ಚಾಳಿ ಮನೆಗೂ ಬಂದಿತ್ತು. ತರಕಾರಿಯವಳ ಬೆಂಡೆಕಾಯಿ ಕೂಡ ಅವರ ಕೈಯಲ್ಲಿ ಪಾಸಾಗದೆ ಅಡುಗೆಮನೆಗೆ ಹೋಗುತ್ತಿರಲಿಲ್ಲ. ಚಪ್ಪಡಿಗಳು ಲಾರಿಯಿಂದ ಇಳಿದ ದಿನ ಅಪ್ಪ ಭೂತಗನ್ನಡಿ ಹಿಡಿದು ಮಂಡಿಯೂರಿ ಒಂದೊಂದನ್ನೂ ಪರೀಕ್ಷಿಸಿದ್ದರು. ಅವರು ಹೂಂ ಎಂದ ಕಲ್ಲೇ ಮೇಲೇರಿದ್ದು. ಅಂದಮೇಲೆ ಆ ಸೂರು ಮೇಸ್ತ್ರಿಯದಲ್ಲ, ತಮ್ಮದು ಎಂದೇ ಅವರ ಲೆಕ್ಕ.

ಮನೆಯಾಗಿ ಎರಡು ವರ್ಷ ಕಳೆದಿತ್ತು. ಮಗಳಿಗೆ ಹದಿನೈದು ದಿನ ತುಂಬಿದ ಅವತ್ತು, ಬಟ್ಟೆ ಒಗೆಯುವ ಕಲ್ಲು ಕೂರಿಸಲು ಮೇಸ್ತ್ರಿ ಬಂದಿದ್ದ. ಕೆಲಸ ಮುಗಿಸಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಅಮ್ಮ ತಾರಸಿಯ ಮೇಲೆ, ಬಿಸಿಲಿನಲ್ಲಿ ಒಣಗಿದ ಸೀಗೆಕಾಯಿಯನ್ನು ಮರದ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಪಕ್ಕದ ತೆಂಗಿನ ನೆರಳು ಸರಿದಂತೆಲ್ಲ ಒರಳನ್ನು ನೆರಳಿಗೆ ಎಳೆದುಕೊಳ್ಳುತ್ತಿದ್ದಳು. ಹಾಗೆ ಎಳೆದುಕೊಂಡು ನನ್ನ ಕೋಣೆಯ ಮೇಲೆ ಬಂದು ನಾಲ್ಕು ಏಟು ಹಾಕಿದ್ದಳಷ್ಟೇ, ಮೇಸ್ತ್ರಿ ಲೋಟ ಕೆಳಗಿಟ್ಟು ಮೆಟ್ಟಿಲು ಹತ್ತಿದ.

ಮೇಲೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆತ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಬಾಣಂತಿ ಕೋಣೆ, ಹೊಸಿಲು ದಾಟಲಿಲ್ಲ.

"ತಾಯಿ, ಕಿವಿಯಾಗಿನ ಅತ್ತಿ ತೆಗಿ. ಮೇಲಿಂದ ನಿಮ್ಮಮ್ಮ ಒಂದೊಂದ್ ಕಲ್ಗೂ ಒನಕೆ ಕುಟ್ತಾರೆ. ನೀನೂ ಕೇಳು, ನಾನೂ ಕೇಳ್ತೀನಿ" ಎಂದ.

ಹದಿನೈದು ದಿನಗಳಾದ ಮೇಲೆ ಮೊದಲ ಸಲ ಹತ್ತಿ ತೆಗೆದೆ. ಅಮ್ಮ ಒಂದನೇ ಚಪ್ಪಡಿಗೆ ಒನಕೆ ಕುಟ್ಟಿದಳು. ಎರಡನೆಯದಕ್ಕೆ ಕುಟ್ಟಿದಳು. ಮೂರನೆಯದು, ನಾಲ್ಕನೆಯದು, ಹೀಗೆ ಏಳನೆಯದರ ತನಕ. ನನಗೆ ಎಲ್ಲವೂ ಒಂದೇ ಥರ ಕೇಳಿದವು. "ಇನ್ನೊಂದ್ ಕಿತ ಕುಟ್ರವ್ವಾ" ಎಂದು ಮೇಸ್ತ್ರಿ ಕೂಗಿದ. ಎರಡನೇ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಕೇಳಿದೆ. ಬೇರೆ ಕಲ್ಲುಗಳಲ್ಲಿ ಏಟು ಬಿದ್ದ ಮೇಲೆ ಸದ್ದು ಚೂರು ಹೊತ್ತು ನಿಲ್ಲುತ್ತಿತ್ತು. ಮೂರನೆಯದರಲ್ಲಿ ಬಿದ್ದಲ್ಲೇ ಸತ್ತುಹೋಯಿತು. ಹಸಿ ಮಡಕೆ ತಟ್ಟಿದ ಹಾಗೆ. ಕಣ್ಣು ಬಿಟ್ಟು ನೋಡಿದೆ. ಮೂರನೇ ಚಪ್ಪಡಿ ಇದ್ದದ್ದು ಸರಿಯಾಗಿ ನನ್ನ ಮಂಚದ ಮೇಲೆ. ನನಗೆ ಭಯಕ್ಕಿಂತ ಮೊದಲು ಆದದ್ದು ಬೆರಗು. ಜಗಲಿಯಲ್ಲಿ ಕೂತು, ಕಾಫಿ ಕುಡಿಯುತ್ತಾ, ಗೋಡೆಯಾಚೆಯಿಂದ ಇಷ್ಟನ್ನು ಈ ಮನುಷ್ಯ ಹೇಗೆ ಕೇಳಿಸಿಕೊಂಡ?

"ಒಳಗೇ ಬಿರುಕ್ ಬಿಟ್ಕಂಡೈತೆ" ಎಂದ ಮೇಸ್ತ್ರಿ, ಬಹಳ ಮೆತ್ತಗೆ. "ಮಂಚ ಆ ಗೋಡೆಗ್ ಸರಿಸ್ಕೊ ಮಗಳೇ."

ಸಂಜೆ ಫ್ಯಾಕ್ಟರಿ ಬಸ್ಸಿನಿಂದ ಅಪ್ಪ ಇಳಿದು ಬರುವ ತನಕ ಆತ ಜಗಲಿ ಬಿಟ್ಟು ಕದಲಲಿಲ್ಲ. ಅಪ್ಪ ಬೂಟು ಕಳಚುವುದರೊಳಗೆ ಜಗಳ ಶುರುವಾಯಿತು. ಜಗಳ ಎಂದರೆ ಎಂಥಾ ಜಗಳ! ಊರಲ್ಲೆಲ್ಲ ಮನೆಯವರು ಕೆಲಸ ಕೆಟ್ಟಿದೆ ಎನ್ನುತ್ತಾರೆ, ಕಂಟ್ರಾಕ್ಟರು ಚೆನ್ನಾಗಿದೆ ಎಂದು ಆಣೆ ಹಾಕುತ್ತಾನೆ. ನಮ್ಮ ಮನೆಯಲ್ಲಿ ಎಲ್ಲವೂ ತಿರುಗಾಮುರುಗಾ.

"ಏರಿಸ್ಬೇಕಾದ್ರೆ ನಮ್ಮೋರ ಕೈ ಜಾರಿ ಒಂದ್ ಮೂಲೆ ಗೋಡೆಗೆ ತಗುಲ್ತು ಸಾಮಿ. ಅವತ್ತು ಬಡಿದ್ ನೋಡ್ದೆ, ಸದ್ದು ಚೆನ್ನಾಗಿತ್ತು. ಇವತ್ತಿಲ್ಲ. ತಪ್ಪು ನಂದೇಯ. ಇಳಿಸಿ ಬೇರೆ ಕಲ್ಲು ಆಕ್ಕೊಡ್ತೀನಿ. ನೀವೊಂದ್ ಕಾಸೂ ಕೊಡಬ್ಯಾಡಿ."

"ಯಾವ ಬಿರುಕಪ್ಪಾ? ಲೆನ್ಸ್ ಹಿಡಿದು ಪಾಸ್ ಮಾಡಿರೋನು ನಾನು. ಎಲ್ಲಿದೆ, ತೋರ್ಸು ನೋಡೋಣ."

"ಕಣ್ಗೆ ಕಾಣಾಕಿಲ್ಲ ಸಾಮಿ. ಮೇಲ್ಗಡೆ ಇಲ್ಲ, ಕೆಳಗಡೆ ಸುಣ್ಣದ ಒಳಗೈತೆ. ಕೇಳುಸ್ತದೆ."

"ಕೇಳಿಸುತ್ತಂತೆ! ಬಾಣಂತಿ ಇರೋ ಮನೆ ಸೂರು ಕಿತ್ತುಹಾಕೋಕೆ ಬಂದಿದ್ದೀಯಲ್ಲ, ನಿನಗೇನಾದ್ರೂ ತಲೆ ಸರಿ ಇದೆಯಾ? ಅದೂ ಬಿಟ್ಟಿ ಮಾಡ್ಕೊಡ್ತೀನಿ ಅಂತೀಯಾ. ಇದರಲ್ಲಿ ಏನೋ ಮಸಲತ್ತಿದೆ."

ಅಮ್ಮನೂ ಅಪ್ಪನ ಕಡೆಯೇ ನಿಂತಳು. ಹಸಿ ಮೈಯವಳ ಕೋಣೆಗೆ ಗಾಳಿ ನುಗ್ಗಿಸುವುದುಂಟೇ ಎಂಬುದು ಅವಳ ವಾದ. ಅದರಲ್ಲೂ ಬರುವ ಭಾನುವಾರವೇ ನಾಮಕರಣ. ನನ್ನ ಗಂಡನ ಮನೆಯವರೆಲ್ಲ ಬರುವವರಿದ್ದರು. ತಾರಸಿಯ ಮೇಲೆ ಶಾಮಿಯಾನ ಹಾಕಿಸಿ ಊಟಕ್ಕೆ ಎಲೆ ಹಾಕುವುದೆಂದು ನಿಶ್ಚಯವಾಗಿತ್ತು.

"ಅದಕ್ಕೇ ಏಳ್ತಿರೋದು" ಎಂದ ಮೇಸ್ತ್ರಿ. ಈಗ ಆತನ ದನಿಯೂ ಏರಿತ್ತು. "ಮೇಲೆ ಐವತ್ ಜನ, ಕೆಳಗೆ ಕೂಸು. ನೀವ್ ಬೈದ್ರೆ ಬೈಸ್ಕೊಂಡೇನು, ಒಡೆದ್ರೆ ಒಡೆಸ್ಕೊಂಡೇನು. ಆ ಕಲ್ ಇಳಿಸ್ದೆ ನಾನು ಈ ಮನೆ ಮೆಟ್ಲು ಇಳಿಯಾಕಿಲ್ಲ."

ಅಪ್ಪನ ಮೂಗಿನ ತುದಿ ಕೆಂಪಾಯಿತು. ಯಾರಾದರೂ ಅವರ ಪರೀಕ್ಷೆಯನ್ನು ಅನುಮಾನಿಸಿದರೆ ಆಗುತ್ತಿದ್ದದ್ದು ಹಾಗೆ. "ಸರಿ. ಫ್ಯಾಕ್ಟರೀಲಿ ಮಾಡೋ ಹಾಗೇ ಟೆಸ್ಟ್ ಮಾಡಿ ತೋರಿಸ್ತೀನಿ. ಬಿರುಕಿಲ್ಲ ಅಂತಾದ್ರೆ ಬಾಯಿ ಮುಚ್ಕೊಂಡು ಹೊರಡ್ಬೇಕು" ಎಂದರು.

"ಆಗ್ಲಿ ಸಾಮಿ."

ಅಪ್ಪ ಅಡುಗೆಮನೆಗೆ ಹೋಗಿ ಸ್ಟವ್‌ಗೆಂದು ಇಟ್ಟಿದ್ದ ಸೀಮೆಎಣ್ಣೆ ತಂದರು. ರೇಷನ್ ಎಣ್ಣೆ ಎಂದು ಅಮ್ಮ ಗೊಣಗಿದಳು. ಅದರ ವಾಸನೆ ಮಗುವಿಗೆ ಆಗದೆಂದು ನನ್ನನ್ನೂ ಮಗುವನ್ನೂ ನಡುಮನೆಗೆ ಕಳಿಸಿದರು. ನಾನು ಮಗುವನ್ನು ಎದೆಗವಚಿಕೊಂಡು ಬಾಗಿಲ ನೇರಕ್ಕೇ ಕೂತೆ. ಅಪ್ಪ ಸ್ಟೂಲ್ ಹತ್ತಿ, ತಂತಿ ಬ್ರಷ್ಷಿನಿಂದ ಮೂರನೇ ಚಪ್ಪಡಿಯ ಸುಣ್ಣ ಕೆರೆದರು. ಬರಿಗಲ್ಲಿಗೆ ಸೀಮೆಎಣ್ಣೆ ಒತ್ತಿ ಸವರಿದರು. ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದು, ಅದರ ಮೇಲೆ ಸೀಮೆಸುಣ್ಣದ ಕಡ್ಡಿಯನ್ನು ಅಡ್ಡಡ್ಡ ಉಜ್ಜಿ ಬೆಳ್ಳಗೆ ಮಾಡಿದರು. ಕಲ್ಲು ಗಟ್ಟಿಯಾಗಿದ್ದರೆ ಬಿಳುಪು ಬಿಳುಪಾಗಿಯೇ ಉಳಿಯುತ್ತದೆ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಸುಣ್ಣಕ್ಕೆ ಕಲೆ ಕಟ್ಟುತ್ತದೆ.

ಇಬ್ಬರೂ ಕತ್ತೆತ್ತಿ ನಿಂತರು. ಅಪ್ಪ ಗೆದ್ದ ಮುಖದಲ್ಲೇ ಇದ್ದರು. ಕಾಲು ಗಂಟೆಯಾಗಿರಬಹುದು. ಬಿಳುಪಿನ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆಯೊಂದು ಕಾಣಿಸಿಕೊಂಡಿತು. ಮೊದಲು ಗೇಣುದ್ದ. ನೋಡುನೋಡುತ್ತಲೇ ಅದು ಚಪ್ಪಡಿಯ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿನ ಕಡೆಗೆ ನಡೆಯಿತು. ಯಾರೋ ಒಳಗೆ ಕೂತು ಗೆರೆ ಎಳೆಯುತ್ತಿದ್ದಾರೇನೋ ಎನ್ನಿಸಿತು. ಗೆರೆ ಹೋದದ್ದು ನನ್ನ ಮಗಳು ಮಲಗುತ್ತಿದ್ದ ಜಾಗದ ಮೇಲೆಯೇ.

ಅಪ್ಪ ಸ್ಟೂಲಿನಿಂದ ಇಳಿಯುವಾಗ ಗೋಡೆ ಹಿಡಿದುಕೊಂಡರು. "ಯಾವಾಗ ಬರ್ತೀಯಾ?" ಎಂದಷ್ಟೇ ಕೇಳಿದರು.

ಮೇಸ್ತ್ರಿ ಅವತ್ತೇ ಎರಡು ಸರ್ವೆ ಮರದ ಕಂಬ ತಂದು ಚಪ್ಪಡಿಗೆ ಆಸರೆ ಕೊಟ್ಟ. ಮಾರನೇ ದಿನ ಬೆಳಗ್ಗೆ ಎಂಟು ಜನ ಬಂದರು. ಗಾರೆ ಕೆತ್ತಿ, ಹಗ್ಗ ಬಿಗಿದು, ಐಸಾ ಹೇಳಿಕೊಂಡು ಕಲ್ಲನ್ನು ಎತ್ತಿದರು. ನಡುಮನೆಯಿಂದ ಬಾಗಿಲಿಗೆ ಬಂದು ನೋಡಿದರೆ, ಕೋಣೆಯ ನಡುವೆ ಉದ್ದಕ್ಕೆ ಒಂದು ಪಟ್ಟಿ ಆಕಾಶ ಬಂದು ನಿಂತಿತ್ತು. ಹದಿನಾರು ದಿನ ಬರೀ ಸುಣ್ಣ ನೋಡಿದವಳಿಗೆ ಆ ನೀಲಿ ಕಣ್ಣಲ್ಲಿ ನೀರು ತರಿಸಿತು. ಗಾಳಿ ಬಂತೆಂದು ಅಮ್ಮ ನನ್ನ ತಲೆಬಟ್ಟೆ ಇನ್ನಷ್ಟು ಬಿಗಿದಳು. ಹೊರಗೆ ಅಂಗಳದಲ್ಲಿ ಕಲ್ಲನ್ನು ಎರಡು ದಿಮ್ಮಿಗಳ ಮೇಲೆ ಇಟ್ಟು ಹಗ್ಗ ಸಡಿಲಿಸಿದ್ದೇ ತಡ, ಯಾರೂ ಮುಟ್ಟದೆ, ಅದು ನಡುವೆ ಮುರಿದು ಎರಡು ತುಂಡಾಗಿ ಬಿತ್ತು. ಅಮ್ಮ ಓಡಿಬಂದು ನನ್ನ ಮಗುವಿನ ಕಾಲು ಹಿಡಿದುಕೊಂಡು ಅತ್ತಳು.

ಸಂಜೆ ಹೊತ್ತಿಗೆ ಹೊಸ ಚಪ್ಪಡಿ ಕೂತಿತು. ಅಮ್ಮ ಕೋಣೆ ಗುಡಿಸಿ ಮಂಚ ಎಳೆಯಲು ಹೋದರೆ ಮೇಸ್ತ್ರಿ ಬೇಡವೆಂದ. ಅಲ್ಲಿಯ ತನಕ ಕೆಲಸಕ್ಕೆಂದಲ್ಲದೆ ಆ ಹೊಸಿಲು ದಾಟದಿದ್ದವನು ಈಗ ಒಳಗೆ ಬಂದು, ಮಂಚವಿದ್ದ ಜಾಗದಲ್ಲಿ, ಬರಿನೆಲದ ಮೇಲೆ ಅಂಗಾತ ಮಲಗಿದ. "ಎಂಟೂ ಜನ ಆ ಕಲ್ಮೇಲ್ ನಿಂತ್ಕಂಡು ಕುಣೀರ್ಲಾ!" ಎಂದು ಮೇಲಿದ್ದವರಿಗೆ ಕೂಗಿದ.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಒಂದು ಕ್ಷಣ ನೋಡಿದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ, ಇಸ್ತ್ರಿ ಮಾಡಿದ ಅಂಗಿಯಲ್ಲೇ, ಮೇಸ್ತ್ರಿಯ ಪಕ್ಕದಲ್ಲಿ ಹೋಗಿ ಮಲಗಿಬಿಟ್ಟರು.

ಮೇಲೆ ಹದಿನಾರು ಕಾಲುಗಳು ಧಡಧಡ ಬಡಿದವು. ಸಂದಿಯ ಹಸಿಗಾರೆ ಇಬ್ಬರ ಮುಖದ ಮೇಲೂ ಚೂರುಚೂರಾಗಿ ಉದುರಿತು. ಇಬ್ಬರೂ ಕಣ್ಣು ಮುಚ್ಚಲಿಲ್ಲ. ನನಗೂ ನೋಡದಿರಲು ಆಗಲಿಲ್ಲ. ಹಿಂದಿನ ಸಂಜೆ ಒಬ್ಬರ ಮೇಲೊಬ್ಬರು ಎಗರಾಡಿದ್ದ ಆ ಇಬ್ಬರು ಗಂಡಸರು, ನನ್ನ ಮಗುವಿಗಿಂತ ಮೊದಲು ತಾವು ಆ ಕಲ್ಲಿನ ಕೆಳಗೆ ಮಲಗಿದ್ದರು. ಅಷ್ಟು ದೊಡ್ಡ ಮನಸ್ಸನ್ನು ನಾನು ಆಮೇಲೆ ಬಹಳ ಕಂಡಿಲ್ಲ.

ಸದ್ದು ನಿಂತ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದರು. ಅಪ್ಪ ಸೂರಿನಿಂದ ಕಣ್ಣು ತೆಗೆಯದೆ, "ಮಗೂನ ಎತ್ಕೊಂಡು ಬಾಮ್ಮಾ" ಎಂದರು.

ನಾನು ಒಳಗೆ ಹೋಗಿ ಮಗಳನ್ನು ಇಬ್ಬರ ನಡುವೆ ಮಲಗಿಸಿದೆ.