ನೀಲಿ ಡ್ರಮ್ಮಿನ ವಲೇರಿಯನ್

ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ಒಂದು ದೊಡ್ಡ ಫ್ಲ್ಯಾಟು ಸಮುಚ್ಚಯ ಇದೆ. ಆಕಾಶ ತಿಳಿಯಾಗಿದ್ದರೆ ಅದರ ತಾರಸಿಯಿಂದ ಪಡುವಣದ ಕಡಲಿನ ಗೆರೆ ಕಾಣುತ್ತದೆ. ಕೆಳಗೆ, ಕಾರು ನಿಲ್ಲಿಸುವ ನೆಲಮಾಳಿಗೆಯ ಕೊನೆಯಲ್ಲಿ, ಕಬ್ಬಿಣದ ಬಾಗಿಲೊಂದರ ಹಿಂದೆ ವಲೇರಿಯನ್ ಕಾಣುತ್ತಾರೆ. ತಾರಸಿಗೆ ಹತ್ತಿ ಕಡಲು ನೋಡಿದವರು ಬಹಳ ಮಂದಿ. ಬಾಗಿಲು ದೂಡಿ ವಲೇರಿಯನ್‌ರನ್ನು ನೋಡಿದವರು ಕಡಿಮೆ.

ಬಾಗಿಲಿನ ಹಿಂದಿರುವುದಕ್ಕೆ ಎಲ್ಲರೂ 'ಪ್ಲಾಂಟು' ಎನ್ನುತ್ತಾರೆ. ಮೇಲಿನ ಮನೆಗಳಲ್ಲಿ ಮಿಂದ ನೀರು, ಪಾತ್ರೆ ತೊಳೆದ ನೀರು, ಫ್ಲಶ್ ಮಾಡಿದ ನೀರು ಎಲ್ಲವೂ ಕೊಳವೆ ಹಿಡಿದು ಇಲ್ಲಿಗೇ ಇಳಿಯಬೇಕು. ಮೊದಲು ಜಾಲರಿ ಕಸ ಹಿಡಿಯುತ್ತದೆ. ಆಮೇಲೆ ಕಂದು ಬಣ್ಣದ ಒಂದು ಟ್ಯಾಂಕು. ಅದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಕೊಳೆಯನ್ನೇ ತಿಂದು ಬದುಕುತ್ತವೆ. ವಲೇರಿಯನ್ ಅವುಗಳನ್ನು 'ನಮ್ಮ ಮಕ್ಕಳು' ಎನ್ನುವುದುಂಟು. ಕೊನೆಯ ಟ್ಯಾಂಕಿನಲ್ಲಿ ಮೆಂಬ್ರೇನು. ಚೌಕಟ್ಟಿಗೆ ಗೊಂಚಲು ಗೊಂಚಲಾಗಿ ಕಟ್ಟಿದ ಬಿಳಿ ಶ್ಯಾವಿಗೆಯ ಹಾಗೆ ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಳಗೆ ಟೊಳ್ಳು. ಮೈತುಂಬ ತೂತು, ಆದರೆ ಬ್ಯಾಕ್ಟೀರಿಯ ಕೂಡ ನುಸುಳಲಾರದಷ್ಟು ಸಣ್ಣ ತೂತು. ಪಂಪು ಒಳಗಿನಿಂದ ಹೀರಿದರೆ ಕೊಳೆ ಹೊರಗೇ ನಿಲ್ಲುತ್ತದೆ, ತಿಳಿನೀರು ಮಾತ್ರ ಒಳಗೆ ಬರುತ್ತದೆ. ಆ ನೀರು ಮತ್ತೆ ಮೇಲೇರಿ ಎಲ್ಲ ಮನೆಗಳ ಫ್ಲಶ್ಶಿಗೂ ಅಂಗಳದ ಹುಲ್ಲಿಗೂ ಹೋಗುತ್ತದೆ.

ವಲೇರಿಯನ್ ಹುಟ್ಟಿದ್ದು ಶಂಕರಪುರದ ಮಲ್ಲಿಗೆ ತೋಟಗಳ ನಡುವೆ. ಹರೆಯ ಕಳೆದದ್ದು ಶಾರ್ಜಾದಲ್ಲಿ, ಇಂಥದ್ದೇ ಪ್ಲಾಂಟಿನಲ್ಲಿ. ಅಲ್ಲಿಂದ ತಂಗಿಯರ ಮದುವೆ ಮಾಡಿಸಿದರು. ತಮ್ಮನದ್ದೂ ಆಯಿತು. ತನ್ನದನ್ನು ಮುಂದಿನ ರಜೆಗೆ ನೋಡುವ, ಮುಂದಿನ ರಜೆಗೆ ನೋಡುವ ಎನ್ನುತ್ತಾ ಇದ್ದವರು ಒಂದು ದಿನ ಕನ್ನಡಿ ನೋಡಿ ಆ ಮಾತು ಬಿಟ್ಟರು. ಈಗ ಕಟಪಾಡಿ ಪೇಟೆಯಲ್ಲಿ, ಅಂಗಡಿಯ ಮೇಲೊಂದು ರೂಮು. ಬೆಳಗ್ಗೆ ಬಸ್ಸು ಹತ್ತಿ ಉಡುಪಿ, ಅಲ್ಲಿಂದ ಇನ್ನೊಂದು ಬಸ್ಸು ಮಣಿಪಾಲಕ್ಕೆ. ಸಂಜೆ ಅದೇ ದಾರಿ ಹಿಂದಕ್ಕೆ.

ಸಮುಚ್ಚಯದಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿದ್ದದ್ದು ಅಡ್ಡಹೆಸರಿನಿಂದ: ನೀಲಿ ಡ್ರಮ್ಮಿನವರು. ಅದಕ್ಕೊಂದು ಕಾರಣ. ಅಲ್ಲಿನ ಪಾರ್ಟಿ ಹಾಲನ್ನು ಕಟ್ಟಿದ್ದು ಕಟ್ಟಡ ಎದ್ದ ಮೇಲೆ. ಅದರ ನೀರು ಎಣ್ಣೆ ಹಿಡಿಯುವ ಗುಂಡಿಯನ್ನು ಮುಟ್ಟದೆ ನೇರವಾಗಿ ಪ್ಲಾಂಟಿಗೆ ಬೀಳುತ್ತಿತ್ತು. ಎಣ್ಣೆ ಮೆತ್ತಿದರೆ ಮೆಂಬ್ರೇನಿನ ತೂತುಗಳು ಮುಚ್ಚಿದವೆಂದೇ ಲೆಕ್ಕ. ಹಾಗಾಗಿ ಹಾಲಿನಲ್ಲಿ ನಾಮಕರಣವಿರಲಿ, ಹುಟ್ಟುಹಬ್ಬವಿರಲಿ, ಹಿಂದಿನ ದಿನವೇ ವಲೇರಿಯನ್ ಎರಡು ಖಾಲಿ ನೀಲಿ ಡ್ರಮ್ಮು ಹೊತ್ತು ಆ ಮನೆಯ ಬಾಗಿಲಿಗೆ ಹೋಗುತ್ತಿದ್ದರು. "ಎಣ್ಣೆ, ಸಾರು, ಗಸಿ ಉಳಿದದ್ದನ್ನು ಚರಂಡಿಗೆ ಚೆಲ್ಲಬೇಡಿ, ಇದಕ್ಕೆ ಹಾಕಿ." ಮನೆಯವರು ಆಯಿತು ಎಂದು ತಲೆ ಆಡಿಸಿ ಬಾಗಿಲು ಹಾಕುತ್ತಿದ್ದರು. ತಪ್ಪಿ ಪ್ಲಾಂಟು ಕೆಟ್ಟರೆ ಅಸೋಸಿಯೇಶನ್ನಿನ ಕಾರ್ಯದರ್ಶಿ ದೇವದಾಸರು ಯಾವ ಮನೆಯಿಂದ ಕೆಟ್ಟಿತೆಂದು ವಿಚಾರಿಸಿ, ಆ ಮನೆಯ ಹೆಸರನ್ನು ಎಲ್ಲರೂ ಓದುವ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಿದ್ದರು. ಒಮ್ಮೆ ಹೆಸರು ಬಂದ ಮನೆಯವರು ತಿಂಗಳುಗಟ್ಟಲೆ ಲಿಫ್ಟಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಕೆಳಗಿನವರೆಂದು ಯಾರೂ ವಲೇರಿಯನ್‌ಗೆ ಕೆಟ್ಟ ಮಾತು ಆಡಿದವರಲ್ಲ. ಮನೆಗೆ ರಿಪೇರಿಗೆ ಹೋದಾಗ ನೀರು ಕೇಳಿದರೆ ಕೊಡುತ್ತಿದ್ದರು, ಕಾಗದದ ಲೋಟದಲ್ಲಿ. ಕುಡಿದು ಎಸೆಯಲಿಕ್ಕೆ ಸುಲಭ ಎಂದು.

ಹಾಗಿರುವಾಗ ಎರಡನೆಯ ಮಹಡಿಯ ಸಿಸಿಲಿಯಾ ಬಾಯಿಯ ಮನೆಯಲ್ಲಿ ಫ್ಲಶ್ಶಿಗೆ ನೀರು ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗ ಡ್ಯಾರಿಲ್‌ನನ್ನು ಕಟ್ಟಿಕೊಂಡು ಬದುಕಿದ ಹೆಂಗಸು ಅವರು. ವಲೇರಿಯನ್ ಹೋಗಿ ವಾಲ್ವು ಸರಿ ಮಾಡಿದರು. ಹೊರಡುವಾಗ ಬಾಯಿ ಸ್ಟೀಲ್ ಲೋಟದಲ್ಲಿ ತಣ್ಣಗಿನ ಪುನರ್ಪುಳಿ ಶರಬತ್ತು ತಂದು ಕೈಗೇ ಕೊಟ್ಟರು. ಸ್ಟೀಲ್ ಲೋಟ ಕೈಗೆ ತಾಗಿದ್ದೇ, ವಲೇರಿಯನ್ ನಾಲಗೆಗೆ ತಿಳಿಯದೆಯೇ ಕೊಂಕಣಿ ಬಂತು: "ದೇವ್ ಬರೆಂ ಕರುಂ."

ದೇವರು ಒಳ್ಳೆಯದು ಮಾಡಲಿ ಎಂಬ ಆ ಮಾತು ಕೇಳಿ ಸಿಸಿಲಿಯಾ ಬಾಯಿ ಸೊಂಟಕ್ಕೆ ಕೈಯಿಟ್ಟರು.

"ಅಯ್ಯೋ, ನೀವು ನಮ್ಮವರಾ? ಇಷ್ಟು ವರ್ಷ ಕೆಳಗೆ ಕೂತಿದ್ದೀರಿ, ಒಂದು ಮಾತು ಹೇಳ್ಲಿಕ್ಕಾಗ್ಲಿಲ್ವಾ? ಹೆಸರೆಂತ, ಊರು ಯಾವುದು?"

"ವಲೇರಿಯನ್. ಊರು ಶಂಕರಪುರ. ಈಗ ಕಟಪಾಡಿಯಲ್ಲಿ ರೂಮು ಉಂಟು."

"ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ರೂಮಿನಲ್ಲಿ ನಾನಿದ್ದೇನೆ, ಬಾಯಿ."

ಬಾಯಿ ನಗಲಿಕ್ಕೆ ಹೋಗಿ ನಿಲ್ಲಿಸಿದರು. ಆಮೇಲೆ ಹೇಳಿದರು: "ಕ್ರಿಸ್ಮಸ್ ಕಳೆದು ಮರುವಾರ ಡ್ಯಾರಿಲ್‌ನ ಮದುವೆ. ಹುಡುಗಿ ಆಶ್ಲಿ, ಕಾರ್ಕಳದವಳು. ಇಗರ್ಜಿಯಲ್ಲಿ ಪೂಜೆ, ಊಟ ಎಲ್ಲ ಅಲ್ಲಿಯೇ. ಹಿಂದಿನ ಸಂಜೆ ಇಲ್ಲಿ ಪಾರ್ಟಿ ಹಾಲಿನಲ್ಲಿ ರೋಸ್. ಅವನ ಅಪ್ಪನ ಕಡೆ ಹಿರಿಯರು ಅಂತ ಒಬ್ಬರೂ ಉಳಿದಿಲ್ಲ. ವಲೇರಿಯನಾಬ್, ನೀವು ಹಿರಿಯರ ಸಾಲಿನಲ್ಲಿ ನಿಲ್ಲಬೇಕು. ಮರುದಿನ ಬಸ್ಸಿನಲ್ಲಿ ನಮ್ಮ ಜೊತೆಯೇ ಕಾರ್ಕಳಕ್ಕೆ ಬರಬೇಕು. ಇಲ್ಲ ಅನ್ಬೇಡಿ."

ವಲೇರಿಯನಾಬ್! ಹಾಗೆ 'ಆಬ್' ಎಂದು ಮರ್ಯಾದೆ ಸೇರಿಸಿ ಹೆಸರು ಕರೆದವರು ತಾಯಿ ಇದ್ದ ಕಾಲದ ನೆರೆಮನೆಯವರು ಮಾತ್ರ. ಮೆಟ್ಟಿಲು ಇಳಿಯುವಾಗ ವಲೇರಿಯನ್ ಆ ಹೆಸರನ್ನು ತಾವೇ ಒಮ್ಮೆ ಮೆಲ್ಲಗೆ ಹೇಳಿಕೊಂಡರು.

ಮದುವೆಗೆಂದು ಕಟಪಾಡಿಯ ಟೈಲರ್ ಹತ್ತಿರ ತಿಳಿಹಳದಿ ಶರ್ಟು ಹೊಲಿಸಿದರು. ಅಂಗಳದ ಹುಲ್ಲು, ಹೂ ನೋಡಿಕೊಳ್ಳುವ ಅಕ್ಕುವಿಗೆ ಅದನ್ನು ತೋರಿಸಿದ್ದೂ ಆಯಿತು. ಅಕ್ಕು ತಲೆಗೂದಲು ನೆರೆತ ತುಳು ಹೆಂಗಸು, ನಾಲಗೆ ಚುರುಕು. ತುಳುವರು ಕ್ರೈಸ್ತ ಗಂಡಸರನ್ನು ಕರೆಯುವ ಹಾಗೆ ಅವಳೂ ಅವರನ್ನು 'ಪೊರ್ಬುಗಳು' ಎನ್ನುತ್ತಿದ್ದಳು.

"ಎಂತ ಪೊರ್ಬುಗಳೇ, ಮದುಮಗ ನೀವಾ, ಬಾಯಮ್ಮನ ಮಗನಾ?"

"ಸುಮ್ಮನಿರು ಮಾರಾಯ್ತಿ."

"ಅಲ್ಲ, ಕೇಳಿದ್ದು. ಹುಡುಗಿಗೆ ಗೊಂದಲ ಆಗಬಾರದಲ್ವಾ!"

ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗನ ತಲೆಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರ. ಹಿಂದೆ ಅಂಗಳದಲ್ಲಿ ಮಾಡುತ್ತಿದ್ದರು. ಹಾಲು ಮಣ್ಣಿಗೆ ಇಳಿದು, ಪಕ್ಕದ ತೆಂಗಿನ ಬುಡ ಸೇರುತ್ತಿತ್ತು. ಈಗ ಪಾರ್ಟಿ ಹಾಲಿನ ಟೈಲ್ಸ್ ನೆಲದ ಮೇಲೆ, ಮೂಲೆಯ ಚರಂಡಿಯ ಪಕ್ಕದಲ್ಲಿ ಕುರ್ಚಿ ಹಾಕುತ್ತಾರೆ.

ಇದು ವಲೇರಿಯನ್‌ಗೆ ತಿಳಿಯದ್ದಲ್ಲ. ಈ ಬಾರಿ ಹಿಂದಿನ ದಿನವೇ ಕೊಂಡುಹೋಗಲು ಮನಸ್ಸು ಬಂದಿರಲಿಲ್ಲ. ರೋಸಿನ ಸಂಜೆ ಡ್ರಮ್ಮು ಎರಡನ್ನೂ ತೊಳೆದು, ಇಗರ್ಜಿಗೆ ಹಾಕುವ ಶರ್ಟು ತೊಟ್ಟು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಇಳಿಜಾರು ದಾರಿ ಹತ್ತಿದರು. ಹಾಲಿನ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ಸಿಸಿಲಿಯಾ ಬಾಯಿ ದೂರದಿಂದಲೇ, "ವಲೇರಿಯನಾಬ್ ಬಂದರು! ಬನ್ನಿ, ಬನ್ನಿ, ನಿಮಗೇ ಕಾಯ್ತಾ ಇದ್ದೇವೆ" ಎಂದರು. ಕತ್ತಲಲ್ಲಿ ಡ್ರಮ್ಮು ಅವರಿಗೆ ಕಂಡಿರಲಿಲ್ಲ.

ಡ್ರಮ್ಮು ಹಿಡಿದು ಒಳಗೆ ಹೋದರೆ ಒಳಗೆ ಹೋಗುವುದು ನೀಲಿ ಡ್ರಮ್ಮಿನವರು. ಬಾಯಿ ಕರೆದದ್ದು ವಲೇರಿಯನಾಬರನ್ನು. ಶುಭದ ಮನೆಯಲ್ಲಿ ಚರಂಡಿಯ ಮಾತು ಹೇಗೆ ಎತ್ತುವುದು? ಡ್ರಮ್ಮುಗಳನ್ನು ಗೋಡೆಯ ಬದಿಗೆ ಇಟ್ಟು, ಕೈ ಒರೆಸಿಕೊಂಡು ಒಳಗೆ ನಡೆದರು.

ಹೆಂಗಸರು ಹಾಡುತ್ತಿದ್ದರು. ಹಿರಿಯರ ಸಾಲಿನಲ್ಲಿ ಅವರ ಸರದಿ ಬಂದಾಗ ಬಟ್ಟಲು ತುಂಬ ತೆಂಗಿನ ಹಾಲು ಕೈಗೆ ಕೊಟ್ಟರು. ಬೆರಳದ್ದಿ ಹಚ್ಚಿದರೆ ಸಾಕಿತ್ತು. "ಹಾಕಿ ಅಂಕಲ್, ಎಂತ ನಾಚಿಕೆ!" ಎಂದು ಡ್ಯಾರಿಲ್ ತಲೆ ಬಗ್ಗಿಸಿದ. ವಲೇರಿಯನ್ ಇಡೀ ಬಟ್ಟಲನ್ನು ಅವನ ತಲೆಗೆ ಸುರಿದರು. ಹುಡುಗನ ಬೆಚ್ಚಗಿನ ನೆತ್ತಿಯ ಮೇಲೆ ಕೈಯಿಟ್ಟು ಹರಸಿದರು. ಎಲ್ಲರೂ ಹೋ ಎಂದರು. ಆಮೇಲೆ ಹುಡುಗರ ಸರದಿ. ಬಾಲ್ದಿಗಟ್ಟಲೆ ತೆಂಗಿನ ಹಾಲು, ಬಾಟಲಿಗಟ್ಟಲೆ ಎಣ್ಣೆ, ತಲೆಗೆ ಒಡೆದ ಮೊಟ್ಟೆಗಳು. ಅಡಿಗೆಯವರು ಹಂದಿ ಮಾಂಸದ ಹಂಡೆಯನ್ನೂ ಅಲ್ಲೇ ತೊಳೆದರು. ಎಲ್ಲವೂ ಮೂಲೆಯ ಚರಂಡಿಗೆ ಸುಳಿ ಸುಳಿಯಾಗಿ ಇಳಿಯುವುದನ್ನು ವಲೇರಿಯನ್ ನೋಡಿದರು. ನೋಡಿ, ಮುಖ ಆಚೆ ತಿರುಗಿಸಿದರು. ಆ ಸಂಜೆ ಅವರೂ ಬಹಳ ನಕ್ಕರು.

ಮರುದಿನ ಬೆಳಗ್ಗೆ ಹಳದಿ ಶರ್ಟನ್ನು ಹ್ಯಾಂಗರಿನಲ್ಲೇ ಹಿಡಿದು ಬಂದರು. ಪ್ಲಾಂಟನ್ನು ಒಮ್ಮೆ ನೋಡಿ, ಶರ್ಟು ಬದಲಿಸಿ, ಬಸ್ಸು ಹತ್ತುವುದೆಂದು ಲೆಕ್ಕ. ಕಬ್ಬಿಣದ ಬಾಗಿಲು ತೆರೆದರೆ ತೆಂಗಿನಕಾಯಿಯ ಪರಿಮಳ! ಕಂದು ಟ್ಯಾಂಕಿನ ಮೇಲೆ ಬಿಳಿ ನೊರೆ ಮೊಳದೆತ್ತರ. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಟ್ಯಾಂಕಿನ ಗೋಡೆಗೆ ಅಂಟಿತ್ತು. ಪಂಪು ಏದುಸಿರು ಬಿಡುತ್ತಿತ್ತು. ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗುತ್ತಿತ್ತು. ಮೇಲಿನ ಟ್ಯಾಂಕಿನಲ್ಲಿ ಉಳಿದಿದ್ದ ಫ್ಲಶ್ಶಿನ ನೀರು ಹೆಚ್ಚೆಂದರೆ ಮಧ್ಯಾಹ್ನದ ತನಕ. ಮನೆಮನೆಯಲ್ಲೂ ನೆಂಟರು. ನೀರು ನಿಂತರೆ ದೇವದಾಸರು ವಿಚಾರಿಸುತ್ತಾರೆ. ಮಗನ ಮದುವೆಯ ದಿನವೇ ಸಿಸಿಲಿಯಾ ಬಾಯಿಯ ಹೆಸರು ಎಲ್ಲರ ಮೊಬೈಲಿನಲ್ಲಿ.

ವಲೇರಿಯನ್ ಶರ್ಟನ್ನು ಗೋಡೆಯ ಮೊಳೆಗೆ ತೂಗು ಹಾಕಿದರು. ಗಮ್‌ಬೂಟು ಹಾಕಿಕೊಂಡರು.

ಮೆಂಬ್ರೇನಿನ ಚೌಕಟ್ಟುಗಳು ಎರಡು. ಒಂದು ಓಡುತ್ತಿರುವಾಗ ಇನ್ನೊಂದನ್ನು ಸರಪಳಿ ರಾಟೆಯಿಂದ ಮೇಲೆತ್ತಿ, ಪೈಪಿನಲ್ಲಿ ನೀರು ಬಿಟ್ಟು ತೊಳೆದು, ಹೈಪೋ ಎಂಬ ಘಾಟಿನ ಬ್ಲೀಚು ಕಲಸಿದ ನೀರಿನಲ್ಲಿ ನೆನೆಸಿಡಬೇಕು. ಒಬ್ಬರ ಕೈಲಾಗದ ಕೆಲಸ. ಅಂಗಳದಿಂದ ಅಕ್ಕುವನ್ನು ಕರೆದರು. ಚೌಕಟ್ಟು ಮೇಲೆ ಬಂದಾಗ ಎಳೆಗಳೆಲ್ಲ ಹಾಲು ಕುಡಿದ ಮಗುವಿನ ಬಾಯಿಯ ಹಾಗೆ ಬೆಳ್ಳಗಾಗಿದ್ದವು.

ಅಕ್ಕು ಮೂಗು ಅರಳಿಸಿದಳು. "ಇದು ಬಾಯಮ್ಮನ ಮನೆಯ ರೋಸ್ ಅಲ್ವಾ?"

"ಹೌದು. ನೀನು ಯಾರಿಗೂ ಹೇಳಬೇಡ."

"ನಿಮ್ಮ ಡ್ರಮ್ಮು ಎಂತ ಆಯ್ತು?"

ವಲೇರಿಯನ್ ಪೈಪಿನ ನೀರನ್ನು ಎಳೆಗಳ ಮೇಲೆ ಬಿಟ್ಟರು. ಅಕ್ಕು ಮೊಳೆಯಲ್ಲಿದ್ದ ಶರ್ಟನ್ನು ನೋಡಿದಳು. ಸರಪಳಿ ಎಳೆದಳು.

ಅಷ್ಟರಲ್ಲಿ ದೇವದಾಸರು ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲಿ ಬಂದು ನಿಂತರು. "ಎಂತದು ವಲೇರಿಯನ್, ಬೆಳಗ್ಗೆಯೇ ಎಲ್ಲ ಬಿಚ್ಚಿ ಹಾಕಿದ್ದೀರಿ?"

"ತೊಳೆಯುವ ಸಮಯ ಬಂದಿತ್ತು ಸರ್."

"ನಿಮಗೆ ಇದೇ ದಿನ ಸಿಕ್ಕಿದ್ದಾ ಮಾರಾಯ್ರೇ? ಕಟ್ಟಡದಲ್ಲಿ ಮದುವೆ, ಊರಿಡೀ ನೆಂಟರು! ತಲೆ ಓಡಿಸಿ ಕೆಲಸ ಮಾಡ್ಬೇಕು ಸ್ವಲ್ಪ."

"ತಪ್ಪಾಯಿತು ಸರ್. ನೀರು ನಿಲ್ಲುವುದಿಲ್ಲ."

ದೇವದಾಸರು ಗೊಣಗುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಮೇಲೆ ಬ್ಯಾಂಡು ಶುರುವಾಯಿತು. ತಲೆಯ ಮೇಲಿನ ಕಾಂಕ್ರೀಟಿನಲ್ಲಿ ಹೆಜ್ಜೆಗಳು ಅತ್ತಿತ್ತ ಓಡಿದವು. ಮೈಮೇಲಿದ್ದ ಶರ್ಟಿನ ಜೇಬಿನಲ್ಲಿ ಮೊಬೈಲು ರಿಂಗಾಯಿತು. ವಲೇರಿಯನ್ ಕೈಗಳಿಗೆ ಮೊಣಕೈಯ ತನಕ ಕೆಸರು, ಜಿಡ್ಡು. ಜೇಬಿನೊಳಗೆ ಬೆಳಕು ಮಿನುಗಿ, ನಿಂತು, ಮತ್ತೊಮ್ಮೆ ಮಿನುಗಿತು. ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು. ಯಾರನ್ನೋ ಕಾಯುವಾಗ ಹೊಡೆಯುವ ಹಾಗೆ. ಆಮೇಲೆ ಗೇಟು ದಾಟಿದ ಸದ್ದು ಕೇಳಿತು.

"ಈಗಲೂ ಹೋಗಿ ಪೊರ್ಬುಗಳೇ. ಕಾರ್ಕಳಕ್ಕೆ ಬಸ್ಸು ಬೇಕಾದಷ್ಟು ಉಂಟು" ಎಂದಳು ಅಕ್ಕು.

"ಇನ್ನೊಂದು ಚೌಕಟ್ಟು ಬಾಕಿ ಉಂಟು" ಎಂದರು ವಲೇರಿಯನ್.

ಎರಡನ್ನೂ ತೊಳೆದು, ನೆನೆಸಿ, ಮತ್ತೆ ಇಳಿಸುವಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಪಂಪಿನ ಉಸಿರು ಸಮವಾಯಿತು. ಮುಳ್ಳು ಕೆಳಗಿಳಿಯಿತು. ಗಾಜಿನ ಕೊಳವೆಯಲ್ಲಿ ನೀರು ತಿಳಿಯಾಗಿ ಏರಿತು. ಅಕ್ಕು ಹುಲ್ಲಿಗೆ ನೀರು ಬಿಟ್ಟಳು.

ಸಂಜೆ ಬಸ್ಸು ಮರಳಿತು. ಬಾಗಿಲು ತಟ್ಟಿದ ಸದ್ದಿಗೆ ವಲೇರಿಯನ್ ತಿರುಗಿದರೆ ರೇಷ್ಮೆ ಸೀರೆಯನ್ನು ಪಾದದಿಂದ ಮೇಲೆತ್ತಿ ಹಿಡಿದು ಸಿಸಿಲಿಯಾ ಬಾಯಿ. ಕೈಯಲ್ಲಿ ಮದುವೆ ಕೇಕಿನ ಡಬ್ಬಿ.

"ಬರಲೇ ಇಲ್ಲ ಅಲ್ವಾ ನೀವು. ಊಟದ ಮೇಜಿನಲ್ಲಿ ನನ್ನ ಬದಿಗೆ ನಿಮ್ಮ ಕುರ್ಚಿ ಇಟ್ಟಿದ್ದೆ. ಡ್ಯಾರಿಲ್‌ನ ಅಪ್ಪ ಇದ್ದಿದ್ದರೆ ಕೂರುವ ಜಾಗ. ಊಟ ಮುಗಿಯುವ ತನಕ ಅದರಲ್ಲಿ ಯಾರನ್ನೂ ಕೂರಲಿಕ್ಕೆ ಬಿಡಲಿಲ್ಲ." ದನಿಯಲ್ಲಿ ನೋವಿತ್ತು. "ಕರೆದದ್ದು ಇಷ್ಟವಿಲ್ಲದಿದ್ದರೆ ಅಂದೇ ಹೇಳಬಹುದಿತ್ತು."

ಹುಷಾರಿರಲಿಲ್ಲ ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಕುರ್ಚಿಯ ಮಾತು ಕೇಳಿದ ಮೇಲೆ ಅದು ಹೊರಗೆ ಬರಲಿಲ್ಲ. ವಲೇರಿಯನ್ ನೆಲ ನೋಡುತ್ತಾ ಹೇಳಿದರು: "ಬಾಯಿ, ಇನ್ನು ಪಾರ್ಟಿ ಹಾಲಿನಲ್ಲಿ ಏನಾದರೂ ಇಟ್ಟುಕೊಂಡರೆ ಮೊದಲೇ ಹೇಳಿ. ನಾನು ಎರಡು ಡ್ರಮ್ಮು ತಂದು ಕೊಡ್ತೇನೆ. ಎಣ್ಣೆ, ತೆಂಗಿನ ಹಾಲು ಎಲ್ಲ ಅದಕ್ಕೆ ಹಾಕಿದರೆ ಒಳ್ಳೆಯದು."

ಬಾಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗಾಳಿಯಲ್ಲಿದ್ದ ತೆಂಗಿನಕಾಯಿಯ ವಾಸನೆ ಮೂಗಿಗೆ ಬಂತು. ಟ್ಯಾಂಕಿನ ಅಂಚಿನ ಬಿಳಿ ಜಿಡ್ಡು ಕಂಡಿತು. ಮೊಳೆಯಲ್ಲಿ ಇಸ್ತ್ರಿ ಮುರಿಯದ ಹಳದಿ ಶರ್ಟು ಕಂಡಿತು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದರು.

"ನಿನ್ನೆಯೇ ಹೇಳಬಾರದಿತ್ತಾ ವಲೇರಿಯನಾಬ್? ಒಂದು ಮಾತು!"

"ನಿನ್ನೆ ನಾನು ನೆಂಟನಾಗಿ ಬಂದದ್ದಲ್ವಾ, ಬಾಯಿ."

ಮೇಲಿನಿಂದ ಯಾರೋ ಕೂಗಿದರು, ಫೋಟೋಗೆ ಎಲ್ಲರೂ ನಿಂತಿದ್ದಾರೆ, ಬೇಗ ಬನ್ನಿ ಎಂದು.

"ನೀವೂ ಬನ್ನಿ" ಎಂದರು ಬಾಯಿ.

ವಲೇರಿಯನ್ ತನ್ನ ಬೂಟು ನೋಡಿಕೊಂಡರು. "ಈ ವೇಷದಲ್ಲಾ? ಮದುಮಗಳು ಹೆದರಿಯಾಳು. ನೀವು ಹೋಗಿ, ಕಾಯ್ತಾರೆ."

ಬಾಯಿ ಡಬ್ಬಿಯನ್ನು ಅವರ ಸ್ಟೂಲಿನ ಮೇಲಿಟ್ಟರು. ಬಾಗಿಲಲ್ಲಿ ಒಮ್ಮೆ ನಿಂತು, ಮತ್ತೆ ಇಳಿಜಾರು ದಾರಿ ಹತ್ತಿ ಹೋದರು. ಮೇಲೆ ನಗು ಕೇಳಿತು. ಫೋಟೋ ಆದ ಮೇಲೆ ಹೆಜ್ಜೆಗಳು ಚದುರಿ ಮನೆ ಮನೆಗೆ ಹೋದವು.

ವಲೇರಿಯನ್ ಕೈ ತೊಳೆದರು. ಹೈಪೋದ ಘಾಟಿನ ಅಡಿಯಲ್ಲಿ ಇನ್ನೂ ತೆಂಗಿನ ಹಾಲಿನ ಪರಿಮಳ ಉಳಿದಿತ್ತು. ಹಳದಿ ಶರ್ಟನ್ನು ಮಡಚಿ ಚೀಲದೊಳಗೆ ಇಟ್ಟು, ಅದರ ಮೇಲೆ ಕೇಕಿನ ಡಬ್ಬಿ ಇಟ್ಟರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಕೊಳವೆಗಳಲ್ಲಿ ಸದ್ದು ಶುರುವಾಯಿತು. ಮೊದಲು ಒಂದು, ಆಮೇಲೆ ಒಂದರ ಹಿಂದೆ ಒಂದು. ನೆಂಟರು ಕಾಲು ತೊಳೆಯುತ್ತಿದ್ದರು, ಮೀಯುತ್ತಿದ್ದರು. ಎರಡನೆಯ ಮಹಡಿಯ ಕೊಳವೆ ಬಹಳ ಹೊತ್ತು ಹರಿಯಿತು. ವಲೇರಿಯನ್ ಸ್ಟೂಲಿನ ಮೇಲೆ ಕುಳಿತು, ಎಲ್ಲರೂ ಮನೆ ಸೇರಿದರು ಎಂದು ಗೊತ್ತಾಗುವ ತನಕ ಕೇಳುತ್ತಾ ಇದ್ದರು.