ತಲೆಗೆ ನೀರು ಬೇಡ ಅಂದ ಮಿಸ್ಸು

ಮೊನ್ನೆ ಅಂಗಡಿಯಲ್ಲಿ ಸೀಗೆಪುಡಿ ಪೊಟ್ಟಣ ಮೂಗಿಗೆ ಹಿಡಿದೆ ನೋಡಿ, ಮುಳಬಾಗಿಲಿನ ನಮ್ಮ ಬಚ್ಚಲುಮನೆ, ಉರಿಯೋ ಒಲೆ, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ನಮ್ಮ ಬಯಾಲಜಿ ಮಿಸ್ಸು... ಎಲ್ಲ ಒಟ್ಟಿಗೆ ಬಂದುಬಿಟ್ಟವು.

ನಾನಾಗ ಪಿಯುಸಿ. ಮಿಸ್ಸು ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು. ಪುಸ್ತಕದಲ್ಲಿ ಒಂದೇ ಸಾಲಿದ್ದರೂ ಅವರಿಗೆ ಅರ್ಧ ಗಂಟೆ ಬೇಕು. ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ ಅಂತ ತೋರಿಸೋಕೆ ನಮ್ಮನ್ನೆಲ್ಲ ಅಂಗಳದಲ್ಲಿ ಕೈ ಕೈ ಹಿಡಿಸಿ ಸುತ್ತ ನಿಲ್ಲಿಸಿದ್ದರು. ಅವರು ಚಪ್ಪಾಳೆ ತಟ್ಟಿದರೆ ಹಿಡಿತ ಸಡಿಲಿಸಬೇಕು, ಒಳಗಿದ್ದ ಒಬ್ಬಳು ನುಸುಳಿ ಹೊರಗೆ ಓಡಬೇಕು. ಇನ್ನೊಂದು ಚಪ್ಪಾಳೆಗೆ ಮತ್ತೆ ಬಿಗಿ. "ಒಂದು ಸಂಕೇತ ಬಂದ್ರೆ ಬಿಡ್ಬೇಕು, ಇನ್ನೊಂದು ಬಂದ್ರೆ ಹಿಡ್ಕೋಬೇಕು. ಬಿಟ್ಟೇ ಬಿಟ್ರೆ ರಕ್ತದ ನೀರೆಲ್ಲ ಸೋರಿಹೋಗುತ್ತೆ ಕಣ್ರೇ" ಅಂದರು. ನಾವು ಮುಸಿಮುಸಿ ನಕ್ಕಿದ್ದೇ ನಕ್ಕಿದ್ದು.

ಆ ವರ್ಷವೇ ನನಗೆ ಡೆಂಗಿ ಬಂತು. ಐದನೇ ದಿನ ಜ್ವರ ಬಿಟ್ಟಿತು. ಜ್ವರ ಬಿಟ್ಟ ಮೇಲೆ ತಲೆಗೆ ನೀರು ಹಾಕೋದು ನಮ್ಮ ಮನೆ ಪದ್ಧತಿ. ಅಜ್ಜಿ ಹಂಡೆ ಕಾಯಿಸಿ, ಸೀಗೆಪುಡಿ ಕಲಸಿ ಕೂತಿದ್ದರು. ನನಗೋ ಹೊಟ್ಟೆನೋವು, ಸುಸ್ತು. ಹೇಳಿದರೆ "ಹಸಿವು ಕಣೇ" ಅನ್ನೋರು. ನನ್ನನ್ನು ನೋಡೋಕೆ ಬಂದ ಮಿಸ್ಸು ಕೈ ಮುಟ್ಟಿದರು. ತಣ್ಣಗಿತ್ತು. ತಟ್ಟನೆ ಎದ್ದು ಬಚ್ಚಲುಮನೆ ಬಾಗಿಲಿಗೆ ಅಡ್ಡ ನಿಂತರು.

"ಅಜ್ಜಿ, ನೀರು ಬೇಡ. ಡೆಂಗೀಲಿ ಕೆಲವರಿಗೆ ಜ್ವರ ಬಿಟ್ಟಾಗಲೇ ರಕ್ತನಾಳ ಸೋರೋಕೆ ಶುರುವಾಗೋದು. ಈಗಲೇ ಕೋಲಾರದ ಆಸ್ಪತ್ರೆಗೆ ಹೋಗ್ಬೇಕು."

"ಏನಮ್ಮಾ ನೀನು, ಜ್ವರ ಬಿಟ್ಟೈತಲ್ಲ!" ಅಂತ ಅಜ್ಜಿ ರೇಗಿದರು.

ಮಿಸ್ಸು ವಾದಕ್ಕೆ ನಿಲ್ಲಲಿಲ್ಲ. ಟೊಮೇಟೊ ಹೇರಿಕೊಂಡು ಕೋಲಾರದ ಮಂಡಿಗೆ ಹೊರಟಿದ್ದ ಟೆಂಪೋ ಅಡ್ಡ ಹಾಕಿ, ಅಮ್ಮನನ್ನೂ ನನ್ನನ್ನೂ ಹತ್ತಿಸಿ ತಾವೂ ಹತ್ತಿದರು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಇನ್ನೊಂದಿಷ್ಟು ಹೊತ್ತು ತಡವಾಗಿದ್ದರೆ ಕಷ್ಟವಿತ್ತು ಅಂತ ಡಾಕ್ಟರು ಡ್ರಿಪ್ ಹಾಕುತ್ತಾ ಅಂದರಂತೆ. ಎರಡು ದಿನ ಮಿಸ್ಸು ಮಂಚದ ಪಕ್ಕವೇ ಕೂತಿದ್ದರು. ನಾನು ಸರಿಯಾಗಿ ಕಣ್ಣು ಬಿಟ್ಟಾಗ, "ಹಿಡ್ಕೊಂಡ್ವಲ್ಲೇ ನಿನ್ನ ಸೆಲ್ಲುಗಳು, ಕಡೆಗೂ!" ಅಂತ ನಕ್ಕರು. ಎಂಥ ಹೆಂಗಸು ಅಂತೀರಾ!

ಆಮೇಲೆ ಅವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. "ಮಾವಿನ ಕಾಲಕ್ಕೆ ಬಾರೇ" ಅಂತ ಪ್ರತಿ ವರ್ಷ ಫೋನ್ ಮಾಡೋರು. ಬರ್ತೀನಿ ಮಿಸ್ ಅಂತಿದ್ದೆ... ಹೋಗಲಿಲ್ಲ. ಅವರು ಕಾಯಿಲೆ ಬಿದ್ದು ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ತಿಂಗಳಾದ ಮೇಲೆ.

ಪೊಟ್ಟಣ ಮನೆಗೆ ತಂದೆ. ಭಾನುವಾರ ಮಗಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವ ಮುಂಚೆ, ಅವಳ ಕೈ ಬೆಚ್ಚಗಿದೆಯಾ ಅಂತ ಸುಮ್ಮನೆ ಮುಟ್ಟಿ ನೋಡಿದೆ. ನನ್ನ ಕೈ ಹಿಡಿದು ಉಳಿಸಿಕೊಂಡವರು ಅವರು. ಅವರ ಕೈ ಹಿಡಿಯೋಕೆ ನಾನು ಒಂದು ಬಸ್ಸು ಹತ್ತಲಿಲ್ಲ.