ಪ್ಲಗ್ ತೆಗೆದಿಟ್ಟ ಟಿವಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಕಾರ್ಕಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ತೀರಿಹೋದ ತಂದೆಯ ನಿಂತುಹೋದ ಕೈಗಡಿಯಾರ ಅವರ ವರ್ಷಾಂತಿಕದ ದಿನ ತಾನಾಗಿ ನಡೆಯಿತೆಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದಾಗ, ಹಳೆಯ ಬ್ಯಾಟರಿಗಳ ವಿಷಯದಲ್ಲಿ ಹತ್ತು ನಿಮಿಷ ಮಾತಾಡಿ ಅವರ ಬಾಯಿ ಮುಚ್ಚಿಸಿದ್ದೆ. ಅವರು ಪಾಪ, ಚಹಾ ಅರ್ಧಕ್ಕೆ ಬಿಟ್ಟು ತರಗತಿಗೆ ಹೋದರು. ಈಗ ನಾನೇ ಹೀಗೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಬೇಕೆಂದು ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ತಂಗಿ ಸುಜಾತಳನ್ನು ಉಚ್ಚಿಲಕ್ಕೆ ಕೊಟ್ಟದ್ದು. ಭಾವ ಅಬುಧಾಬಿಯಲ್ಲಿದ್ದಾರೆ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಇಬ್ಬರೇ. ಎರಡು ವರ್ಷದ ಹಿಂದೆ ಭಾವ ರಜೆಯಲ್ಲಿ ಬರುವಾಗ ಅಲ್ಲಿಂದಲೇ ಒಂದು ದೊಡ್ಡ ಟಿವಿ ತಂದರು. ಅದು ಎಷ್ಟು ಅಗಲವೆಂದರೆ ಮನೆಯಲ್ಲಿದ್ದ ಶೋಕೇಸಿನೊಳಗೆ ಹಿಡಿಯಲಿಲ್ಲ. ಶೋಕೇಸನ್ನು ಪಕ್ಕಕ್ಕೆ ಸರಿಸಿ, ಹಾಲಿನ ಗೋಡೆಗೆ ತಾಗಿ ಒಂದು ಮೇಜು ಹಾಕಿ ಅದರ ಮೇಲೆ ಇಟ್ಟರು. ಭಾವ ವಾಪಸು ವಿಮಾನ ಹತ್ತಿದ ಮರುದಿನದಿಂದ ಆ ಟಿವಿ ನನ್ನ ತಲೆಗೆ ಬಂತು.

ಕುಕ್ಕುಂದೂರಿನ ನನ್ನ ಮನೆಯಿಂದ ಉಚ್ಚಿಲಕ್ಕೆ ಹೋಗುವುದೆಂದರೆ ಕಾರ್ಕಳಕ್ಕೆ ಬಂದು, ಪಡುಬಿದ್ರಿ ಬಸ್ಸು ಹಿಡಿದು, ಅಲ್ಲಿ ಇಳಿದು ಇನ್ನೊಂದು ಬಸ್ಸು. ಹೋಗಿ ಬರುವಷ್ಟರಲ್ಲಿ ಒಂದು ಭಾನುವಾರ ಮುಗಿಯುತ್ತದೆ. ಹಾಗೆ ನನ್ನ ಎಷ್ಟು ಭಾನುವಾರಗಳು ಆ ಟಿವಿಯ ಮೆನುವಿನೊಳಗೆ ಹೋದವೆಂದು ಲೆಕ್ಕವಿಲ್ಲ. ಮೊದಲ ಸಲ ಹೋದಾಗ ಮೆನು ಪೂರ್ತಿ ಅರಬ್ಬಿಯಲ್ಲಿತ್ತು. ಭಾಷೆ ಬದಲಿಸುವ ಜಾಗ ಯಾವುದೆಂದು ಗೊತ್ತಾಗಬೇಕಾದರೆ ಆ ಭಾಷೆ ಬರಬೇಕು. ಒಂದೊಂದಾಗಿ ಒತ್ತಿ ನೋಡುತ್ತ ಕೊನೆಗೆ ಇಂಗ್ಲಿಷಿಗೆ ಬಂದೆ. ಆಮೇಲೆ ಚಿತ್ರದ ಅಗಲ. ಅತ್ತೆ ನೋಡುವ ಧಾರಾವಾಹಿಯಲ್ಲಿ ಎಲ್ಲರ ಮುಖವೂ ಹಪ್ಪಳದ ಹಾಗೆ ಅಡ್ಡಕ್ಕೆ ಹರಡಿತ್ತು. ಕಥೆಯ ಸೊಸೆ ಬಸುರಿಯಾಗಿರಬೇಕೆಂದು ಅತ್ತೆ ಒಂದು ವಾರ ನಂಬಿದ್ದರಂತೆ. ಅಗಲ ಸರಿ ಮಾಡಿದರೆ ಎರಡು ಬದಿಗೂ ಕಪ್ಪು ಪಟ್ಟಿ ಬರುತ್ತಿತ್ತು. ಅಷ್ಟು ದೊಡ್ಡ ಟಿವಿ ತಂದು ಅರ್ಧ ಮುಚ್ಚಿಡುವುದು ಯಾಕೆ ಎಂದು ಅತ್ತೆ ಕೇಳಿದರು. ಝೂಮ್ ಮಾಡಿದರೆ ಪಟ್ಟಿ ಹೋಗಿ, ಕೆಳಗೆ ಓಡುವ ವಾರ್ತೆಯ ಸಾಲು ಅರ್ಧಕ್ಕೆ ತುಂಡಾಗುತ್ತಿತ್ತು. ಮೂರರಲ್ಲಿ ಒಂದನ್ನು ಆರಿಸಿ ಎಂದರೆ ಅತ್ತೆ, "ನೀನು ಕಲಿತವ ಅಲ್ವಾ, ಮೂರೂ ಆಗುವ ಹಾಗೆ ಮಾಡು" ಅಂದರು.

ಇಷ್ಟು ಮಾಡಿಟ್ಟದ್ದೂ ಉಳಿಯುತ್ತಿರಲಿಲ್ಲ. ಟಿವಿ ಆಗಾಗ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪ್ರತಿ ಸಲವೂ ಚಿತ್ರ ಅಗಲವಾಗುತ್ತಿತ್ತು, ಗಡಿಯಾರ ಸೊನ್ನೆಗೆ ಹೋಗುತ್ತಿತ್ತು. ನನಗೆ ಫೋನು ಬರುತ್ತಿತ್ತು.

ಗಡಿಯಾರದ್ದು ಇನ್ನೊಂದು ತಾಪತ್ರಯ. ಭಾವ ಅದನ್ನು ಅಬುಧಾಬಿಯ ಸಮಯಕ್ಕೆ ಇಟ್ಟು ಹೋಗಿದ್ದರು. ಅಂದರೆ ನಮಗಿಂತ ಒಂದೂವರೆ ಗಂಟೆ ಹಿಂದೆ. ನಾನು ಸರಿಮಾಡಲು ಹೊರಟರೆ ಅತ್ತೆ ಬಿಡಲಿಲ್ಲ; ಸೊನ್ನೆಗೆ ಹೋದಾಗಲೆಲ್ಲ ಪುನಃ ಅಲ್ಲಿಯ ಸಮಯವನ್ನೇ ಇಡಿಸುತ್ತಿದ್ದರು. ಮಗ ಎದ್ದನೋ, ಕೆಲಸಕ್ಕೆ ಹೋದನೋ, ಊಟಕ್ಕೆ ಕೂತನೋ ಎಂದು ಅವರು ಟಿವಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಗೋಡೆಯ ಗಡಿಯಾರ ನಮ್ಮದು, ಟಿವಿಯದ್ದು ಅವನದ್ದು ಎಂದು ಆ ಮನೆಯಲ್ಲಿ ತೀರ್ಮಾನವಾಗಿತ್ತು.

ಅಲ್ಲಿಂದ ಹುಟ್ಟಿದ್ದು ರೆಕಾರ್ಡಿಂಗಿನ ಕಾಟ. ಭಾವನಿಗೆ ಅಲ್ಲಿ ಒಂದೂವರೆಗೆ ಊಟದ ಬಿಡುವು. ಇಲ್ಲಿ ಆಗ ಮೂರು ಗಂಟೆ. ಮಗನ ವಿಡಿಯೋ ಕಾಲ್ ಬರುವುದೂ ಧಾರಾವಾಹಿ ಶುರುವಾಗುವುದೂ ಒಂದೇ ಹೊತ್ತಿಗೆ. ಎರಡರಲ್ಲಿ ಒಂದನ್ನೂ ಬಿಡಲು ಅತ್ತೆ ತಯಾರಿಲ್ಲ. ಪೆನ್‌ಡ್ರೈವ್ ಚುಚ್ಚಿ, ದಿನಾ ಆ ಹೊತ್ತಿಗೆ ತಾನಾಗಿ ರೆಕಾರ್ಡ್ ಆಗುವಂತೆ ಮಾಡಿಕೊಟ್ಟು ಬಂದೆ. ಎರಡು ದಿನ ಕಳೆದು ತಂಗಿಯ ಫೋನು. ಧಾರಾವಾಹಿಯ ಬದಲು ಅಡುಗೆ ಕಾರ್ಯಕ್ರಮ ರೆಕಾರ್ಡ್ ಆಗಿದೆಯಂತೆ. ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು: ಟಿವಿಯ ಗಡಿಯಾರದ ಪ್ರಕಾರ ಒಂದೂವರೆ ಎಂದು ಕೊಡಬೇಕಾದಲ್ಲಿ ನಾನು ಮೂರು ಎಂದೇ ಕೊಟ್ಟಿದ್ದೆ. ಹಾಗಾಗಿ ಅದು ನಮ್ಮ ನಾಲ್ಕೂವರೆಗೆ ಎದ್ದು ರೆಕಾರ್ಡ್ ಮಾಡುತ್ತಿತ್ತು.

ಅಂದು ಮಂಗಳವಾರ, ನನಗೆ ಕಾಲೇಜಿಗೆ ರಜೆ. ನಾನು ಉಚ್ಚಿಲ ಮುಟ್ಟುವಾಗ ಕರೆಂಟ್ ಹೋಗಿತ್ತು. ಲೈನಿನ ಕೆಲಸಕ್ಕಾಗಿ ಹತ್ತರಿಂದ ಐದರವರೆಗೆ ವಿದ್ಯುತ್ ಇಲ್ಲ ಎಂದು ಪೇಪರಿನಲ್ಲಿ ಹಾಕಿದ್ದರಂತೆ. ಇದನ್ನು ತಂಗಿ ಫೋನಿನಲ್ಲಿ ಹೇಳಿರಲಿಲ್ಲ. ಬಂಗುಡೆ ಸಾರು ಮಾಡಿದ್ದೇನೆ, ಉಂಡು ಮಲಗು ಅಂದಳು. ಉಂಡೆ. ನಿದ್ದೆ ಬರಲಿಲ್ಲ. ಒಂದು ಇಡೀ ದಿನ ಹಾಳಾಯಿತೆಂಬ ಸಿಟ್ಟು ಕುತ್ತಿಗೆಯವರೆಗೆ ಬಂದಿತ್ತು.

ನಾಲ್ಕು ಗಂಟೆ ಹೊತ್ತಿಗೆ, ಸುಮ್ಮನೆ ಕೂರುವ ಬದಲು ಟಿವಿಯ ರೋಗದ ಮೂಲವನ್ನಾದರೂ ನೋಡೋಣವೆಂದು ಎದ್ದೆ. ಅದು ಆರಿ ಹೊತ್ತುವುದಕ್ಕೆ ಕಾರಣ ಗೋಡೆಯ ಪ್ಲಗ್ ಪಾಯಿಂಟು ಎಂದು ನನಗೆ ಮೊದಲೇ ಗುಮಾನಿ ಇತ್ತು. ಪ್ಲಗ್ ಹಾಕಿದರೆ ಅದು ಒಳಗೆ ಅಲ್ಲಾಡುತ್ತಿತ್ತು. ನಾನು ಮತ್ತು ತಂಗಿ ಸೇರಿ ಟಿವಿಯನ್ನು ಎತ್ತಿ ದಿವಾನದ ಮೇಲೆ ಗೋಡೆಗೊರಗಿಸಿ ಇಟ್ಟೆವು. ಸೆಟ್‌ಟಾಪ್ ಬಾಕ್ಸನ್ನು ಕಳಚಿ ಕಪಾಟಿನ ಮೇಲಿಟ್ಟೆವು. ಮೇಜು ಸರಿಸಿ ನಾನು ನೆಲದಲ್ಲಿ ಕೂತೆ. ಟಿವಿಯ ವಯರು ಉದ್ದವಿತ್ತು, ಪ್ಲಗ್ಗಿನ ತುದಿ ನನ್ನ ಮಡಿಲಲ್ಲೇ ಬಿದ್ದಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಬೋರ್ಡಿನ ಮುಚ್ಚಳ ಬಿಚ್ಚಿದರೆ ಒಳಗೆ ಎರಡು ವಯರುಗಳ ತುದಿ ಕರಿದಾಗಿ ಸಡಿಲಾಗಿದ್ದವು. ಅವನ್ನು ಕಳಚಿ, ಸುಟ್ಟ ತುದಿ ಕತ್ತರಿಸಿ, ಚಾಕುವಿನಿಂದ ಹೊಸದಾಗಿ ಸುಲಿದೆ. ಅವು ಗಿಡ್ಡವಾಗಿದ್ದರಿಂದ ಬಿಟ್ಟರೆ ಒಂದಕ್ಕೊಂದು ಸುತ್ತಿಕೊಂಡು ಪೈಪಿನೊಳಗೆ ಜಾರುತ್ತಿದ್ದವು. ಪಾಯಿಂಟಿನ ಸ್ಕ್ರೂ ಸಡಿಲಿಸುವವರೆಗೆ ಯಾರಾದರೂ ಹಿಡಿಯಬೇಕಿತ್ತು. ತಂಗಿಯನ್ನು ಕೂರಿಸಿ, ಒಂದು ತುದಿಯನ್ನು ಬಲಗೈಯಲ್ಲೂ ಇನ್ನೊಂದನ್ನು ಎಡಗೈಯಲ್ಲೂ ಹಿಡಿಸಿದೆ.

ಅವಳು ಹಿಡಿದುಕೊಂಡೇ ಕೇಳಿದಳು, "ಅಣ್ಣ, ಮೈನ್ ಆಫ್ ಮಾಡ್ಬೇಕಲ್ವಾ?"

ಮೈನ್ ಸ್ವಿಚ್ಚು ಹೊರಗಿನ ಜಗಲಿಯಲ್ಲಿ, ಸ್ಟೂಲು ಹತ್ತಬೇಕಾದ ಎತ್ತರದಲ್ಲಿ ಉಂಟು. ನಾನು ಏಳಲಿಲ್ಲ. "ಇಲ್ಲದ ಕರೆಂಟಿಗೆ ಮೈನ್ ಎಂತದ್ದು ಮಾರಾಯ್ತಿ. ಐದರವರೆಗೆ ಬರುವುದಿಲ್ಲ. ಹಿಡಿ ನೀನು" ಅಂದೆ.

ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಬಿದ್ದರೆ ನಡುವೆ ಇರುವುದು ಹೃದಯ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವನು ನಾನು.

ತಂಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಅವಳ ಪಕ್ಕದಲ್ಲಿ ಸ್ಕ್ರೂ ತಿರುಗಿಸುತ್ತಿದ್ದೆ. ಬಲಗಡೆ ದಿವಾನದಿಂದ ಬೆಳಕು ಬಂದ ಹಾಗಾಯಿತು. ತಿರುಗಿ ನೋಡಿದರೆ ಟಿವಿ ಉರಿಯುತ್ತಿತ್ತು. ಚಿತ್ರವೇನೂ ಇಲ್ಲ, ನೀಲಿ ತೆರೆ. ಕೆಳಗಿನ ಮೂಲೆಯಲ್ಲಿ, ಆ ಮೆನುವಿನಲ್ಲಿ ನಾನು ನೂರು ಸಲ ನೋಡಿದ್ದ ಬೂದು ಚೌಕ. ಸ್ವಲ್ಪ ಹೊತ್ತಿನಲ್ಲಿ ರೆಕಾರ್ಡಿಂಗ್ ಶುರುವಾಗಲಿದೆ, ಬೇಡವಾದರೆ ರದ್ದು ಮಾಡಿ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು. ಐವತ್ತೆರಡು, ಐವತ್ತೊಂದು, ಐವತ್ತು.

ನನಗೆ ಹೆದರಿಕೆ ಆಗಲಿಲ್ಲ. ಆಶ್ಚರ್ಯವೂ ಆಗಲಿಲ್ಲ. ಬಂದದ್ದು ಸಿಟ್ಟು ಮಾತ್ರ. ಬೆಳಗ್ಗಿನಿಂದ ತಲೆಯಲ್ಲಿ ಕೊರೆಯುತ್ತಿದ್ದ ಅದೇ ತಪ್ಪು ಹೊತ್ತಿನ ರೆಕಾರ್ಡಿಂಗು, ಈಗ ಕೆಲಸದ ನಡುವೆಯೂ ಎದ್ದು ಕೂತಿದೆ. ಪುನಃ ಅಡುಗೆ ಕಾರ್ಯಕ್ರಮ ಹಿಡಿಯುತ್ತದೆ, ಪುನಃ ಅತ್ತೆ ದೂರು ಹೇಳುತ್ತಾರೆ. ತಂಗಿಗೆ ಗದರಿದೆ, "ಅದನ್ನು ಬಿಡು. ಮೊದಲು ಹೋಗಿ ರಿಮೋಟ್ ತಾ."

ಅತ್ತೆ ರಿಮೋಟನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತಮ್ಮ ದಿಂಬಿನ ಕೆಳಗೆ ಇಡುತ್ತಿದ್ದರು. ತಂಗಿ ವಯರುಗಳನ್ನು ಬಿಟ್ಟು ಎದ್ದು ಒಳಗೆ ಹೋದಳು. ಕೂತು ಕೂತು ಜೋಮು ಹಿಡಿದ ಕಾಲನ್ನು ಎಳೆಯುತ್ತ ನಾನೂ ಎದ್ದು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಅತ್ತೆಯ ಕೋಣೆಯ ಬಾಗಿಲು ದಾಟಿರಬಹುದು. ಗೋಡೆಯೊಳಗಿಂದ ಗರ್ನಾಲು ಪಟಾಕಿ ಒಡೆದ ಹಾಗೆ ಸದ್ದಾಯಿತು. ಕಣ್ಣು ಕುಕ್ಕುವ ಬಿಳಿ ಬೆಂಕಿ ಬೋರ್ಡಿನ ಬಾಯಿಂದ ಹಾರಿತು. ಹೊರಗೆ ಮೈನ್ ಸ್ವಿಚ್ಚು ಟಪ್ಪೆಂದು ತಾನಾಗಿ ಆಫ್ ಆಯಿತು. ಸುಟ್ಟ ವಯರಿನ ವಾಸನೆ. ಪಕ್ಕದ ಮನೆಯಲ್ಲಿ ಮಿಕ್ಸಿಯೋ ಪಂಪೋ ತಿರುಗುವ ಶಬ್ದ. ಕರೆಂಟ್ ಬಂದಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ.

ತಂಗಿ ಬಿಟ್ಟ ವಯರುಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಅದಕ್ಕೆ ಶಾರ್ಟ್ ಆಯಿತು. ಇದರಲ್ಲಿ ವಿಚಿತ್ರವೇನಿಲ್ಲ. ಕರೆಂಟ್ ಅರ್ಧ ನಿಮಿಷ ಮೊದಲು ಬಂದಿದ್ದರೆ ಅವುಗಳ ನಡುವೆ ಇದ್ದದ್ದು ನನ್ನ ತಂಗಿ.

ರಿಮೋಟ್ ಹಿಡಿದು ಓಡಿಬಂದವಳು ಬಾಗಿಲಲ್ಲೇ ನಿಂತಳು. ನಾನು ಟಿವಿಯ ಕಡೆ ನೋಡಿದೆ. ತೆರೆ ಕಪ್ಪಗಿತ್ತು. ಆಗ ನನ್ನ ಕಾಲಿಗೆ ಏನೋ ತೊಡರಿತು. ಬಗ್ಗಿ ನೋಡಿದರೆ ಟಿವಿಯ ಪ್ಲಗ್ಗು. ನನ್ನ ಮಡಿಲಿನಿಂದ ಜಾರಿ ಬಿದ್ದದ್ದು.

ಅತ್ತೆ ನೀರು ತಂದುಕೊಟ್ಟರು. ಮಹಾಲಕ್ಷ್ಮಿಯೇ ಕಾದಳು ಎಂದರು. ಮರುದಿನ ದೇವಸ್ಥಾನಕ್ಕೂ ಹೋಗಿಬಂದರು. ಕಟಪಾಡಿಯಿಂದ ಬಂದ ಎಲೆಕ್ಟ್ರಿಷಿಯನ್ ಕರಿಹಿಡಿದ ಗೋಡೆಯನ್ನು ನೋಡಿ, "ಮೇಷ್ಟ್ರೇ, ನೀವು ಪಾಠ ಮಾಡಿ. ಇದು ನಮಗಿರಲಿ" ಅಂದ. ನಾನು ಅವನನ್ನು ಬೇರೆಯದೇ ಕೇಳಿದೆ. ಪ್ಲಗ್ ತೆಗೆದು ಅರ್ಧ ಗಂಟೆಯಾದ ಟಿವಿ ಉರಿಯುವುದುಂಟಾ? ಅವನು ನನ್ನ ಮುಖ ನೋಡಿ, ನೀವು ಸ್ವಲ್ಪ ಮಲಗಿ ಎಂದ. ಭಾವ ಫೋನಿನಲ್ಲಿ, ಒಳಗೆ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರಬಹುದು ಎಂದರು. ಅದು ನಾನು ಸ್ಟಾಫ್ ರೂಮಿನಲ್ಲಿ ಕೊಡುತ್ತಿದ್ದಂಥದೇ ಉತ್ತರ. ಆ ಚಾರ್ಜ್ ಕೆಲವು ಸೆಕೆಂಡುಗಳಲ್ಲಿ ಹೋಗುತ್ತದೆ, ಅಷ್ಟು ದೊಡ್ಡ ತೆರೆಯನ್ನು ಬೆಳಗುವ ಪ್ರಶ್ನೆಯೇ ಇಲ್ಲ. ಅದೂ ಅಲ್ಲದೆ ಕರೆಂಟ್ ತಪ್ಪಿದ ಕೂಡಲೇ ಸೊನ್ನೆಗೆ ಹೋಗುವ ಗಡಿಯಾರ ಅದು. ಆ ದಿನ ಹತ್ತು ಗಂಟೆಯಿಂದ ಅದಕ್ಕೆ ಸಮಯವೇ ಗೊತ್ತಿರಲಿಲ್ಲ.

ನಾನು ಪ್ರಯೋಗವನ್ನೂ ಮಾಡಿದ್ದೇನೆ. ತಂಗಿ ಮನೆಯಲ್ಲಿ ಇಲ್ಲದಾಗ ಎರಡು ಸಲ ಹೋಗಿ, ಪ್ಲಗ್ ತೆಗೆದು, ಟಿವಿಯ ಎದುರು ಕೂತು ಕಾದಿದ್ದೇನೆ. ತೆರೆಯಲ್ಲಿ ನನ್ನ ಮುಖ ಬಿಟ್ಟು ಏನೂ ಕಾಣಲಿಲ್ಲ. ಅತ್ತೆ ಅಡುಗೆಮನೆಯಿಂದ ಇಣುಕಿ, ಇವನಿಗೆ ಏನೋ ಆಗಿದೆ ಎಂಬಂತೆ ನೋಡಿ ಹೋದರು. ಬೆಳಗ್ಗಿನಿಂದ ಅದೇ ಸಿಟ್ಟಿನಲ್ಲಿದ್ದ ನನ್ನ ತಲೆಯೇ ಆ ಚೌಕವನ್ನು ಕಟ್ಟಿತೇ? ಇರಬಹುದು. ಆದರೆ ಆ ನಿಮಿಷದಲ್ಲೇ ಯಾಕೆ ಕಟ್ಟಿತು? ಲೈನಿನವರು ಅರ್ಧ ಗಂಟೆ ಮೊದಲೇ ಕೆಲಸ ಮುಗಿಸುತ್ತಾರೆಂದು ನನ್ನ ತಲೆಗೆ ಹೇಗೆ ಗೊತ್ತು?

ತಂಗಿಯನ್ನು ಕೇಳಿದೆ, ಟಿವಿ ಉರಿದದ್ದನ್ನು ನೋಡಿದೆಯಾ ಎಂದು. "ಇಲ್ಲ ಅಣ್ಣ. ನಾನು ಎದ್ದು ಹೋಗುವಾಗ ಅದರ ಎದುರಿಂದಲೇ ಹೋದದ್ದು. ಕಪ್ಪಗೇ ಉಂಟು. ಟಿವಿಗೆ ಕರೆಂಟೇ ಇಲ್ಲ, ಇವನಿಗೆ ರಿಮೋಟ್ ಯಾಕೆ ಅಂತ ನನಗೂ ಅನ್ನಿಸಿತ್ತು" ಅಂದಳು.

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಕಳೆದ ತಿಂಗಳು ಕಾಪುವಿನಲ್ಲಿ ನಮ್ಮ ಚಿಕ್ಕಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಯಾರೋ ಕರೆಂಟಿನ ಮಾತೆತ್ತಿದರು. ತಂಗಿ ಎಲ್ಲರ ಎದುರು ಆ ದಿನದ ಕಥೆ ಹೇಳಿದಳು. ನಾನು ಮೈನ್ ಆಫ್ ಮಾಡಲು ಬಿಡದಿದ್ದ ವಿಷಯ ಅವಳ ಕಥೆಯಲ್ಲಿರಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ ಗೊತ್ತಿಲ್ಲ. "ಅಣ್ಣನಿಗೆ ಮೊದಲೇ ಏನೋ ಗೊತ್ತಾಗಿದೆ. ಏನೋ ನೆಪ ಹೇಳಿ ನನ್ನನ್ನು ಅಲ್ಲಿಂದ ಎಬ್ಬಿಸಿದ. ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಕೂತು ಊಟ ಮಾಡ್ತಿರಲಿಲ್ಲ" ಎಂದಳು. ಚಿಕ್ಕಮ್ಮ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಬಡಿಸುವವರು ಕೇಳದೆಯೇ ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದರು.

ನಾನು ತಲೆ ತಗ್ಗಿಸಿ ಉಂಡೆ. ನಿನ್ನ ಎರಡೂ ಕೈಗೆ ಆ ವಯರುಗಳನ್ನು ಕೊಟ್ಟವನು ನಾನೇ, ಉಳಿಸಿದವನು ನಾನಲ್ಲ ಎಂದು ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಹೇಳಿದರೆ ಅವಳು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿದೆ: ಹಾಗಾದರೆ ನನ್ನನ್ನು ಎಬ್ಬಿಸಿದ್ದು ಯಾರು?